ತಿಂಗಳಿಗೊಂದು ಗಸಗಸೆ

ಹಲ್ ಊರಿನಲ್ಲಿ ಡಿಸೆಂಬರಿಗೆ
ಮೂರೂಮುಕ್ಕಾಲಕ್ಕೇ ಕತ್ತಲು.
"ದೀಪಾ ಹಚ್ಚಿದ ಮ್ಯಾಲ ಉಗುರು ತಗೀಬಾರ್ದವ್ವಾ,
ಲಕ್ಷ್ಮಿ ಹೊಸ್ತಿಲದಾಗ ಇರ್ತಾಳ" ಅನ್ನುತ್ತಿದ್ದಳು
ಗುಳೇದಗುಡ್ಡದ ಆಯಿ.
ನಾನು ದೀಪ ಹಚ್ಚಿಕೊಂಡೇ ಕೂತಿದ್ದೇನೆ.
ಕತ್ತು ಬಗ್ಗುವ ದೀಪ, ಗಾಲಿಯ ಸ್ಟೂಲು,
ತೊಡೆಯ ಮೇಲೆ ನೀಲಿ ಕಾಗದ,
ಕಾಗದದ ಮೇಲೆ ಡೆರಿಕ್ ಥ್ಯಾಕ್ರೆಯವರ ಬಲಗಾಲು.

ಸಾಕ್ಸು ಬಿಚ್ಚಲು ಹನ್ನೊಂದು ನಿಮಿಷ ಹಿಡಿಯಿತು.
ಸೊಂಟ ಬಗ್ಗದೆ ಅಲ್ಲ.
ಎಚ್‌ಐವಿ ಇದೆಯೆಂದು ಡಾರ್ಟ್ಸ್ ಆಡುವ ಗೆಳೆಯರಿಗೆ
ಹೇಳಿ ಇಪ್ಪತ್ತು ವರ್ಷವಾಯಿತಂತೆ;
ಹೇಳಿದ ರಾತ್ರಿಯೇ ಪಂದ್ಯ ಗೆದ್ದರಂತೆ ಕೂಡ.
"ಅದು ರಕ್ತದೊಳಗಿನ ಮಾತು.
ಇದು ನೋಡಿ, ಹೊರಗೆ ಇಣುಕುತ್ತದೆ."

ಇಣುಕುತ್ತಿತ್ತು.
ಹೆಬ್ಬೆರಳಿನಲ್ಲಿ, ಉಗುರು ಹುಟ್ಟುವ ಬುಡದಲ್ಲೇ
ಸುಣ್ಣ ಬಳಿದಂಥ ಬಿಳುಪು,
ಪಕ್ಕದ್ದು ಹಳೆ ಬೆಲ್ಲದ ಬಣ್ಣ,
ಕಿರುಬೆರಳಿನದು ಉಗುರೋ ತೊಗಟೆಯೋ.
ತುದಿಯಿಂದ ಹತ್ತುವ ಬೂಷ್ಟು ಯಾರನ್ನೂ ಬಿಟ್ಟಿಲ್ಲ;
ಬುಡದಿಂದ ಬಂದದ್ದು
ಮೈಯ ಕಾವಲುಗಾರ ಎಂದೋ ತೂಕಡಿಸಿದ ಸುದ್ದಿ.
ನಾನು ಕೇಳಲಿಲ್ಲ. ಅವರೇ ಹೇಳಿದರು:
"ಕ್ಲೈವ್ ಹೋದ ವರ್ಷ ಮಾತ್ರೆ ಬಿಟ್ಟಿದ್ದೆ. ಎಂಟು ತಿಂಗಳು."
ಈಗ ಮತ್ತೆ ನುಂಗುತ್ತಾರೆ. ವೈರಸ್ಸು
ಪರೀಕ್ಷೆಗೂ ಸಿಗದಷ್ಟು ಕಡಿಮೆ.
ಬೂಷ್ಟಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿಲ್ಲ.

ಸ್ಟೂಲು ಜಾರಿ
ನನ್ನ ಬೂಟು ಅವರ ಬರಿಗಾಲಿಗೆ ತಾಕಿತು.
ಕೈ ತಾನಾಗಿ ಹೋಯಿತು, ಕಾಲು ಮುಟ್ಟಿತು,
ಕಣ್ಣಿಗೊತ್ತಿಕೊಳ್ಳಲು ಎದ್ದು
ಗವಸಿನ ನೆನಪಾಗಿ ಅರ್ಧದಲ್ಲೇ ನಿಂತಿತು.
"ಏನದು?"
"ಏನಿಲ್ಲ. ನಮ್ಮ ಕಡೆಯ ಕ್ಷಮೆ."
ಬಹಳ ಹೊತ್ತು ತಮ್ಮ ಕಾಲನ್ನೇ ನೋಡಿದರು.
ತೊಂಬತ್ತೊಂದರಲ್ಲಿ ಒಂದು ಆಸ್ಪತ್ರೆಯಲ್ಲಿ
ಊಟದ ತಟ್ಟೆ ನೆಲಕ್ಕಿಟ್ಟು
ಬಾಗಿಲಾಚೆಯಿಂದ ಕಾಲಲ್ಲಿ ತಳ್ಳುತ್ತಿದ್ದರಂತೆ.
ತಟ್ಟೆಯಲ್ಲಿ ಮೀನಿತ್ತು, ಮುಳ್ಳು ತೆಗೆದದ್ದು,
ಅದನ್ನೂ ಮರೆತಿಲ್ಲ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುತ್ತದೆ ಗಾದೆ.
ಉಗುರೇ ಹೋಗದಿದ್ದರೆ?
ಮೊದಲು ಚೂರುಗಳು ಲಕೋಟೆಯಲ್ಲಿ ಲ್ಯಾಬಿಗೆ;
ಊಹೆಯ ಮೇಲೆ ಔಷಧಿ ಕೊಡುವ ಹಾಗಿಲ್ಲ.
ಆಮೇಲೆ ಫಾರ್ಮಸಿಯ ಒಲುಫೆಮಿ
ಅವರ ಮಾತ್ರೆಗಳ ಪಟ್ಟಿ ಹಿಡಿದು
ಫೋನಿನಲ್ಲೇ ಜಾತಕ ಕೂಡಿಸಿದ:
ಇಟ್ರಾಕೊನಜೋಲ್ ಬೇಡ, ಬೂಸ್ಟರ್ ಜತೆ ಜಗಳ.
ಟರ್ಬಿನಫಿನ್ ಆಗಬಹುದು, ದಿನಕ್ಕೊಂದು, ಹನ್ನೆರಡು ವಾರ.
ಲಿವರಿಗಾಗಿ ರಕ್ತ, ಮೊದಲೊಮ್ಮೆ, ನಡುವೆ ಒಮ್ಮೆ.

"ಎಷ್ಟು ದಿನಕ್ಕೆ ಸರಿಹೋದೀತು?"
ತಿಂಗಳಿಗೊಂದು ಗಸಗಸೆ, ಎಂದೆ.
ಅಷ್ಟೇ ಬೆಳೆಯುವುದು ಹೆಬ್ಬೆರಳ ಉಗುರು.
ಗಸಗಸೆ ಗೊತ್ತು ಅವರಿಗೆ, ಬನ್ನಿನ ಮೇಲಿನದು.
ಬೆರಳ ಮೇಲೆ ಎಣಿಸಿ, ಒಂದೂವರೆ ವರ್ಷ ಎಂದು ನಕ್ಕರು.
"ಒಂದು ಕಾಲದಲ್ಲಿ ಡಾಕ್ಟರು ನನಗೇ ಅಷ್ಟು ಕೊಟ್ಟಿರಲಿಲ್ಲ."

ಜನವರಿಯಲ್ಲಿ, ಮೊದಲ ಮಾತ್ರೆಯ ವಾರ,
ಅರದಿಂದ ಬುಡದಲ್ಲೊಂದು ಗೀರು ಎಳೆದೆ,
ಬಾಗಿಲ ಚೌಕಟ್ಟಿನಲ್ಲಿ ಮಗುವಿನ ಎತ್ತರ ಗುರುತು ಹಾಕುವ ಹಾಗೆ.
ದಪ್ಪಗಾದದ್ದನ್ನು ಸವೆಸಿದೆ. ಪುಡಿ ಹಾರಿತು.
ಉಗುರು ಮನೆಯಲ್ಲಿ ಬಿದ್ದರೆ ಜಗಳ ಅನ್ನುತ್ತಿದ್ದಳು ಆಯಿ,
ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದೆ.

ಜೂನಿಗೆ ಬಂದರು. ದೀಪ ಬೇಕಾಗಲಿಲ್ಲ.
ಗೀರು ಐದು ಗಸಗಸೆ ದೂರ ನಡೆದಿತ್ತು,
ಅದರ ಬೆನ್ನಿಗೆ ಗುಲಾಬಿ.
ಕಿರುಬೆರಳು ಹಾಗೆಯೇ ಇತ್ತು;
ಅದು ಹಾಗೆಯೇ ಇದ್ದೀತು, ಎಂದೆ.
ಅವರಿಗೆ ಹೇಳಬೇಕಾದ್ದು ಬೇರೆ ಇತ್ತು.
ಈಜುಕೊಳಕ್ಕೆ ಹೋಗಿದ್ದರಂತೆ, ಏಳು ವರ್ಷದ ಮೇಲೆ.
ದಂಡೆಯವರೆಗೆ ರಬ್ಬರ್ ಚಪ್ಪಲಿ, ನಾನು ಹೇಳಿದ ಹಾಗೆ.
ಅಲ್ಲಿ ಬಿಟ್ಟು, ಬರಿಗಾಲಲ್ಲಿ
ಒಂದೊಂದೇ ಮೆಟ್ಟಿಲು.
"ಯಾರೂ ನೋಡಲೇ ಇಲ್ಲ" ಎಂದರು.
ದನಿಯಲ್ಲಿ ಸ್ವಲ್ಪ ಬೇಸರವಿತ್ತು.